ಯುದ್ಧ ನಿಂತ ಕೂಡಲೇ ನಮ್ಮ ಊರಿನ ಇತಿಹಾಸವೂ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ಶಿಗ್ಗಾವಿಯವಳು. ಮಗಳು ಒಂಬತ್ತನೇ ಕ್ಲಾಸು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮಡಚಿಟ್ಟು, "ಅವ್ವಾ, ಇತಿಹಾಸ ಅಂದ್ರ ಬರೀ ಹೊಡೆದಾಟ. ಯಾರು ಯಾರನ್ನ ಸೋಲಿಸಿದ್ರು, ಯಾವ ಇಸವಿ, ಅಷ್ಟ. ಆಗ ಜನ ಊಟ ಮಾಡ್ತಿರಲಿಲ್ಲೇನು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾಗಿಯೂ ಇತಿಹಾಸದಲ್ಲಿ ಯುದ್ಧಕ್ಕೆ ಜಾಗ ಜಾಸ್ತಿ ಆಗಿದೆಯಾ? ಯುದ್ಧ ಬಿಟ್ಟು ಇತಿಹಾಸ ಕಲಿಸಲು ಆಗುತ್ತದಾ?

ಉತ್ತರ: ಮೊದಲು ನಿಮ್ಮ ಮಗಳಿಗೆ ಹೇಳಿ, ಊಟದ ಆ ಪ್ರಶ್ನೆಯನ್ನು ಬಿಡಬೇಡ ಅಂತ. ಧಾರವಾಡದಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ್ದೇನೆ, ಕಟ್ಟುಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ್ದೇನೆ. ಈ ಪ್ರಶ್ನೆ ಕೇಳಿದ ಮಕ್ಕಳು ಕೈಬೆರಳಲ್ಲಿ ಎಣಿಸುವಷ್ಟು. ಅದರ ಬೆನ್ನು ಹತ್ತಿದರೆ ಬಹಳ ದೂರ ಹೋಗಬಹುದು, ಇವತ್ತು ನಾವೂ ಸ್ವಲ್ಪ ದೂರ ಹೋಗೋಣ.

ನೇರವಾಗಿ ಹೇಳುತ್ತೇನೆ. ಶಾಲೆ, ಕಾಲೇಜಿನ ಪುಸ್ತಕಗಳಲ್ಲಿ ಯುದ್ಧಕ್ಕೆ ಜಾಗ ಜಾಸ್ತಿ, ಹೌದು. ಆದರೆ ಯುದ್ಧವನ್ನು ಕಿತ್ತು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ. ನಾವು ಯುದ್ಧದ ಕಥೆಯನ್ನು ಅರ್ಧಕ್ಕೆ ಬಿಡುತ್ತೇವೆ, ಕೋಟೆ ಬಾಗಿಲು ಮುರಿಯುವ ತನಕ ಹೇಳಿ ಎದ್ದು ಹೋಗುತ್ತೇವೆ. ಇನ್ನು ಯುದ್ಧವೇ ಇಲ್ಲದ ಕಾಲ ಬಂದರಂತೂ ಹೇಳಲು ಏನೂ ಇಲ್ಲ ಅನ್ನುವ ಹಾಗೆ ಸುಮ್ಮನಾಗಿಬಿಡುತ್ತೇವೆ.

ನಮ್ಮದೇ ನೆಲದ ಉದಾಹರಣೆ ತೆಗೆದುಕೊಳ್ಳೋಣ. ಈಗಿನ ಧಾರವಾಡ, ಗದಗ, ಹಾವೇರಿ ಮೂರೂ 1997ರ ತನಕ ಒಂದೇ ಜಿಲ್ಲೆ. ಈ ಸೀಮೆಯ ಸುಮಾರು ಎಪ್ಪತ್ತು ವರ್ಷದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಮರಾಠರ ದಂಡು ಕಟ್ಟಿಕೊಂಡು ಬಂದು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ, ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಇದ್ದ, ಮರಾಠರ ಜೊತೆ ಕ್ಯಾಪ್ಟನ್ ಲಿಟಲ್ ಎಂಬವನ ಇಂಗ್ಲಿಷ್ ತುಕಡಿಯೂ ಇತ್ತು, 1791ರ ಏಪ್ರಿಲಿನಲ್ಲಿ ಕೋಟೆ ಬಿತ್ತು. 1800ರಲ್ಲಿ ಧೋಂಡಿಯಾ ವಾಘ ಎಂಬ ಬಂಡುಕೋರನ ಬೆನ್ನಟ್ಟಿ ಬಂದ ಇಂಗ್ಲಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಡಂಬಳದ ಕೋಟೆ ಹಿಡಿದ. 1817-18ರಲ್ಲಿ ಥಾಮಸ್ ಮನ್ರೊ ಈ ಸೀಮೆಯನ್ನು ಪೇಶ್ವೆಗಳ ಕೈಯಿಂದ ಕಂಪನಿಗೆ ಕಿತ್ತುಕೊಟ್ಟ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಬ್ರಿಟಿಷರ ಮೇಲೆ ತಿರುಗಿಬಿದ್ದರು.

ಆಮೇಲೆ? ಆಮೇಲೆ ಒಂದೇ ಜಿಗಿತ. ಸ್ವಾತಂತ್ರ್ಯ ಚಳವಳಿ, ಏಕೀಕರಣ. ನಡುವೆ ಐವತ್ತು ಅರವತ್ತು ವರ್ಷ ಈ ಊರುಗಳಲ್ಲಿ ಎಲೆಯೂ ಅಲ್ಲಾಡಲಿಲ್ಲವೇನೋ ಅನ್ನಿಸಬೇಕು. ನಿಜ ಏನೆಂದರೆ ನಾವು ಈಗ ಉಣ್ಣುವ ಅನ್ನ, ಹತ್ತುವ ರೈಲು, ಸಾಲ ತೆಗೆಯುವ ಸೊಸೈಟಿ ಇವೆಲ್ಲ ಆಕಾರ ಪಡೆದದ್ದು ಆ ವರ್ಷಗಳಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು 1790ರ ಮುತ್ತಿಗೆಗೇ ವಾಪಸ್ ಹೋಗಿ ನಿಮ್ಮ ಮಗಳ ಪ್ರಶ್ನೆ ಕೇಳೋಣ. ಆರು ತಿಂಗಳಿಗೂ ಮೇಲೆ ಒಂದು ದೊಡ್ಡ ದಂಡು ಧಾರವಾಡದ ಸುತ್ತ ಬೀಡು ಬಿಟ್ಟಿತ್ತು. ಕುದುರೆ, ಎತ್ತು, ಆನೆ, ಸಿಪಾಯಿಗಳು, ಅವರ ಹಿಂದೆ ಬಂದ ಪೇಟೆಯ ಜನ. ಅವರೆಲ್ಲ ಏನು ತಿಂದರು? ಕುದುರೆಗೆ ಕಣಿಕೆ ಎಲ್ಲಿಂದ ಬಂತು? ಒಲೆಗೆ ಕಟ್ಟಿಗೆ? ಉತ್ತರ ಗೊತ್ತಿರುವುದೇ. ಸುತ್ತಲಿನ ಹಳ್ಳಿಗಳ ಹಗೇವಿನಿಂದ, ಬಣವೆಯಿಂದ, ಮನೆಯ ಮಾಡಿನ ತೊಲೆಯಿಂದ. ಅದೇ ಹೊತ್ತಿಗೆ ಮಳೆಯೂ ಕೈಕೊಟ್ಟಿತು. 1791-92ರಲ್ಲಿ ಈ ಭಾಗದಲ್ಲಿ ಬಿದ್ದ ಬರಕ್ಕೆ ಜನ ಇಟ್ಟ ಹೆಸರು ಡೋಗಿ ಬರ, ಅಂದರೆ ತಲೆಬುರುಡೆಯ ಬರ. ಸತ್ತವರನ್ನು ಮಣ್ಣು ಮಾಡಲು ಜನ ಉಳಿಯಲಿಲ್ಲ, ಬುರುಡೆಗಳು ಬಯಲಲ್ಲೇ ಬಿದ್ದಿದ್ದವು ಅನ್ನುವುದರಿಂದ ಬಂದ ಹೆಸರು. ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರು ಕೂಡ ಈ ಬರಕ್ಕೆ ಎರಡು ಕಾರಣ ಕೊಡುತ್ತದೆ: ಬೆಳೆ ಬಾರದ ವರ್ಷಗಳು, ದಂಡಿನ ಸುಲಿಗೆ. ಮುತ್ತಿಗೆ, ಬರ ಎರಡೂ ಒಂದೇ ಊರಿನವು, ಒಂದೇ ಎರಡು ವರ್ಷದೊಳಗಿನವು. ಪುಸ್ತಕದಲ್ಲಿ ಮುತ್ತಿಗೆ ಮಾತ್ರ ಇದೆ.

ಇಲ್ಲಿ ಅಣ್ಣಿಗೇರಿಯ ಮಾತು ಹೇಳಲೇಬೇಕು. 2010ರಲ್ಲಿ ಅಲ್ಲಿ ಗಟಾರ ತೆಗೆಯುವಾಗ ನೂರಾರು ತಲೆಬುರುಡೆಗಳು ಸಿಕ್ಕವು, ಸಾಲಾಗಿ ಜೋಡಿಸಿಟ್ಟ ಹಾಗೆ. ನಿಮಗೂ ನೆನಪಿರಬಹುದು, ವಾರಗಟ್ಟಲೆ ಪೇಪರಿನಲ್ಲಿ ಅದೇ ಸುದ್ದಿ. ಆಗ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಯುದ್ಧ, ಕಗ್ಗೊಲೆ. ಯಾವ ರಾಜ, ಯಾವ ದಾಳಿ ಅಂತ ಲೆಕ್ಕ ಹಾಕಿದ್ದೇ ಹಾಕಿದ್ದು. ಮೊದಲ ಕಾರ್ಬನ್ ಪರೀಕ್ಷೆ ಅವು ಆರುನೂರು ವರ್ಷಕ್ಕೂ ಹಳೆಯವು ಎಂದಿತು. ನಂತರದ ಪರೀಕ್ಷೆ ಅಷ್ಟು ಹಳೆಯವಲ್ಲ ಎಂದಿತು, ಆಗ ಡೋಗಿ ಬರದ ಹೆಸರು ಮುಂದೆ ಬಂತು. ನನ್ನನ್ನು ಕಾಡಿದ್ದು ಬುರುಡೆಗಳ ವಯಸ್ಸಿಗಿಂತ ನಮ್ಮ ತಲೆ ಓಡಿದ ದಿಕ್ಕು. ಬರ ಅಂದರೆ ಏನೆಂದು ಚೆನ್ನಾಗಿ ಗೊತ್ತಿರುವ ಸೀಮೆ ಇದು. ಆದರೂ ರಾಶಿ ಹೆಣ ಅಂದ ಕೂಡಲೇ ನಮಗೆ ಕತ್ತಿ ನೆನಪಾಗುತ್ತದೆ, ಹಸಿವು ನೆನಪಾಗುವುದಿಲ್ಲ. ಚಿಕ್ಕಂದಿನಿಂದ ಓದಿದ್ದು ಹಾಗೆ ಕೆಲಸ ಮಾಡುತ್ತದೆ.

ದಂಡಿನ ಊಟದ ವಿಷಯದಲ್ಲಿ ಇನ್ನೊಂದು ಮಾತು. ಆ ಕಾಲದ ಸೈನ್ಯಗಳಿಗೆ ಕಾಳು ಹೊತ್ತು ತರುತ್ತಿದ್ದವರು ಬಂಜಾರರು, ನಮ್ಮ ಕಡೆ ಲಂಬಾಣಿ ಅನ್ನುತ್ತೇವಲ್ಲ, ಅವರು. ಸಾವಿರಾರು ಹೇರೆತ್ತುಗಳ ಸಾಲು, ಬೆನ್ನ ಮೇಲೆ ಧಾನ್ಯ, ಉಪ್ಪು. ಮೊಗಲರು, ಮರಾಠರು, ಇಂಗ್ಲಿಷರು ಎಲ್ಲರೂ ಅವರನ್ನೇ ನೆಚ್ಚಿಕೊಂಡಿದ್ದರು. ಡಂಬಳಕ್ಕೆ ಬಂದ ವೆಲ್ಲೆಸ್ಲಿಗೂ ಅವರಿಲ್ಲದೆ ಒಂದು ಹೆಜ್ಜೆ ಮುಂದೆ ಇಡಲು ಆಗುತ್ತಿರಲಿಲ್ಲ. ಗದಗ, ಹಾವೇರಿ ಕಡೆ ಎಷ್ಟು ತಾಂಡಾಗಳಿವೆ ನೋಡಿ. ಆ ತಾಂಡಾದ ಮಗು ಶಾಲೆಯಲ್ಲಿ ವೆಲ್ಲೆಸ್ಲಿಯ ಹೆಸರು ಬಾಯಿಪಾಠ ಮಾಡುತ್ತದೆ, ತನ್ನ ಮುತ್ತಜ್ಜನಂಥವರು ಆ ದಂಡಿಗೆ ಜೀವ ಹಿಡಿದುಕೊಟ್ಟದ್ದನ್ನು ಯಾರೂ ಅದಕ್ಕೆ ಹೇಳುವುದಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ರಸ್ತೆ, ರೈಲು ಬಂದ ಮೇಲೆ ಆ ಹೇರೆತ್ತಿನ ಬದುಕೇ ಮುಗಿದು ಹೋಯಿತು, ಅದೂ ಯಾವ ಪಾಠದಲ್ಲೂ ಬರುವುದಿಲ್ಲ.

ಈಗ 1858ರ ನಂತರದ ಆ ಮೌನಕ್ಕೆ ಬರೋಣ.

1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿಕೊಂಡಿತು. ಅಲ್ಲಿಂದ ಹತ್ತಿ ಹೋಗುವುದು ನಿಂತು ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಬಾಯಿ ಬಿಡತೊಡಗಿದವು. ಆಗ ಅವರ ಕಣ್ಣು ಬಿದ್ದ ಜಾಗಗಳಲ್ಲಿ ಧಾರವಾಡದ ಎರೆಭೂಮಿಯೂ ಒಂದು. 1840ರ ದಶಕದಿಂದಲೇ ಇಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಹಾಕಿಸಿದ್ದರು, ಅದಕ್ಕೆ ಪೇಟೆಯಲ್ಲಿ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ಬೀಜ ಬೇರ್ಪಡಿಸಲು ಹೊಸ ನಮೂನೆಯ ಜಿನ್ನು ಬಂತು. ನಮ್ಮ ದೇಸಿ ಹತ್ತಿಗೆ ಬಾಂಬೆ ಪೇಟೆಯಲ್ಲಿ ಏನಂತ ಕರೆಯುತ್ತಿದ್ದರು ಗೊತ್ತಾ? ಕುಮಟಾ. ಬೆಳೆದದ್ದು ನವಲಗುಂದ, ಗದಗ, ಹುಬ್ಬಳ್ಳಿಯ ಎರೆಯಲ್ಲಿ, ಹೆಸರು ಮಾತ್ರ ಹಡಗು ಹತ್ತಿದ ಬಂದರಿನದು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಮುಟ್ಟಬೇಕಿತ್ತು.

ನಾಲ್ಕೈದು ವರ್ಷ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ರೈತನ ಕೈಯಲ್ಲಿ ಕಂಡರಿಯದ ರೊಕ್ಕ ಓಡಾಡಿತು. ಜೋಳ ಹಾಕುತ್ತಿದ್ದ ಹೊಲಕ್ಕೂ ಹತ್ತಿ ಬಂತು. 1865ರಲ್ಲಿ ಆ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಹೊಲದ ಮೇಲೆ ಸಾಲ ಮಾಡಿದ್ದವನು ಹಾಗೇ ಸಿಕ್ಕಿಬಿದ್ದ. ಈ ಕಥೆಯಲ್ಲೂ ಯುದ್ಧ ಇದೆ, ಗಮನಿಸಿ. ಸಾವಿರಾರು ಮೈಲಿ ದೂರದ ಯುದ್ಧ, ಧಾರವಾಡದಲ್ಲಿ ಒಂದು ಗುಂಡೂ ಹಾರಲಿಲ್ಲ, ಆದರೂ ಅದು ಇಲ್ಲಿನ ಒಬ್ಬೊಬ್ಬ ಒಕ್ಕಲಿಗನ ಹೊಲದೊಳಗೆ ಬಂದು ಹೋಯಿತು. ಅಮೆರಿಕದ ಅಂತರ್ಯುದ್ಧವನ್ನು ಮಕ್ಕಳು ಓದುತ್ತಾರೆ, ಲಿಂಕನ್ ಹೆಸರು ಹೇಳುತ್ತಾರೆ, ನಮ್ಮ ಹತ್ತಿಯ ಸಂಬಂಧ ಹೇಳಿಕೊಡಲು ಹತ್ತು ನಿಮಿಷ ಸಾಕು.

ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1876ರಲ್ಲಿ, ಮಳೆ ಹೋಯಿತು. 1876-78ರ ಆ ದೊಡ್ಡ ಬರ ಇಡೀ ದಕ್ಷಿಣ ಭಾರತಕ್ಕೆ ಬಡಿಯಿತು. ಧಾರವಾಡ ಜಿಲ್ಲೆಯ ಜನಗಣತಿ ತೆಗೆದು ನೋಡಿ: 1872ರಲ್ಲಿ ಸುಮಾರು 9.9 ಲಕ್ಷ ಜನ, 1881ರಲ್ಲಿ ಸುಮಾರು 8.8 ಲಕ್ಷ. ಒಂಬತ್ತು ವರ್ಷದಲ್ಲಿ ಜನ ಬೆಳೆಯಬೇಕಿತ್ತು, ಒಂದು ಲಕ್ಷಕ್ಕೂ ಹೆಚ್ಚು ಜನ ಇಲ್ಲವಾಗಿದ್ದರು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ. ಒಂಬತ್ತು ಜನ ಕೂತಿದ್ದ ಪಂಕ್ತಿಯಲ್ಲಿ ಒಬ್ಬರ ಎಲೆ ಖಾಲಿ ಅಂದರೆ ಹೇಗಿರುತ್ತದೆ, ಹಾಗೆ, ಊರೂರಲ್ಲೂ. ಮೇಲೆ ಹೇಳಿದ ಕಿತ್ತೂರು, ನರಗುಂದ, ಡಂಬಳ ಮೂರೂ ಕಡೆ ಹೋರಾಡಿ ಸತ್ತವರನ್ನು ಕೂಡಿಸಿದರೂ ಈ ಸಂಖ್ಯೆಯ ಹತ್ತಿರ ಬರುವುದಿಲ್ಲ. ಆ ಬರಕ್ಕೆ ನಮ್ಮಲ್ಲಿ ಒಂದು ಕಲ್ಲೂ ಇಲ್ಲ, ಸರ್ಕಲ್ಲೂ ಇಲ್ಲ.

ಬರದಿಂದ ರೈಲು ಬಂತು. ಕಾಳು ಇರುವ ಊರಿಂದ ಇಲ್ಲದ ಊರಿಗೆ ಸಾಗಿಸಲು ದಾರಿ ಇರಲಿಲ್ಲ, ಎತ್ತುಗಳೇ ಸತ್ತು ಬಿದ್ದಿದ್ದವು. 1880ರಲ್ಲಿ ವರದಿ ಕೊಟ್ಟ ಬರಗಾಲ ಆಯೋಗ ರೈಲು ದಾರಿ ಹಾಕಬೇಕು ಎಂದಿತು. ಆ ದಶಕದಲ್ಲೇ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗ, ಹುಬ್ಬಳ್ಳಿಗೆ ಬಂತು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು. ಈಗಿನ ಹುಬ್ಬಳ್ಳಿಯನ್ನು ಹುಬ್ಬಳ್ಳಿ ಮಾಡಿದ್ದು ಯಾವ ರಾಜನ ಗೆಲುವೂ ಅಲ್ಲ, ಆ ಹಳಿ. ಆ ಹಳಿಯ ಮೇಲೆ ಹತ್ತಿ ಹೋಯಿತು, ಕಾಳು ಬಂತು, ಮತ್ತೆ ಪ್ಲೇಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಜೋರಾಗಿದ್ದಾಗ, ಬಾಂಬೆಯಲ್ಲಿ ಅದರ ಹಿಂದಿನ ವರ್ಷವಷ್ಟೇ ಹಾಫ್ಕಿನ್ ಎಂಬ ವಿಜ್ಞಾನಿ ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ಸಾವಿರಾರು ಜನಕ್ಕೆ ಹಾಕಿದರು. ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನಮ್ಮ ಅಜ್ಜಿ ಚಿಕ್ಕವರಿದ್ದಾಗ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಒಲೆ ಮೇಲಿನ ಅಡುಗೆಯನ್ನೂ ಬಿಟ್ಟು ಹೊರಡಬೇಕು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಇಂಥದ್ದೊಂದು ಮಾತು ಸಿಕ್ಕೇ ಸಿಗುತ್ತದೆ.

ಸಾಲದ ಕಥೆಗೂ ಒಂದು ಮುಂದುವರಿಕೆ ಇದೆ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು. ಸಾಹುಕಾರನ ಬಡ್ಡಿಯಿಂದ ಊರನ್ನು ಬಿಡಿಸಬೇಕು ಅನ್ನುವುದು ಅವರ ಹಟ. ಇದನ್ನು ನಾನು ಕಿತ್ತೂರಿಗಿಂತ ಸಣ್ಣ ಸಾಹಸ ಅಂತ ಅಂದುಕೊಂಡಿಲ್ಲ.

1918ಕ್ಕೆ ಬಂದರೆ ಇನ್ನೂ ಸ್ಪಷ್ಟ. ಮೊದಲನೇ ಮಹಾಯುದ್ಧದಲ್ಲಿ ಸತ್ತ ಭಾರತದ ಸೈನಿಕರು ಸುಮಾರು 74,000. ಅದರ ಕೊನೆಗೆ ಬಂದ ಇನ್‌ಫ್ಲುಯೆಂಜಾದಲ್ಲಿ ಸತ್ತ ಭಾರತೀಯರು ಒಂದು ಕೋಟಿಗೂ ಹೆಚ್ಚು. ಯುದ್ಧಕ್ಕೆ ಒಂದು ಅಧ್ಯಾಯ, ಆ ಜ್ವರಕ್ಕೆ ಒಂದು ಸಾಲು, ಅದೂ ಇದ್ದರೆ.

ಹೀಗೆ ಯಾಕಾಯಿತು? ಯಾರೋ ಕೂತು ಸಂಚು ಮಾಡಿದ್ದಲ್ಲ. ಒಂದು ಕಾರಣ ಪರೀಕ್ಷೆ. ಯುದ್ಧಕ್ಕೆ ಇಸವಿ ಇದೆ, ಎರಡು ಕಡೆ ಇದೆ, ಗೆದ್ದವರು ಸೋತವರು ಇದ್ದಾರೆ, ಕಾರಣಗಳು ಪರಿಣಾಮಗಳು ಅಂತ ಹತ್ತು ಅಂಕಕ್ಕೆ ಸರಿಯಾಗಿ ಕೂರುತ್ತದೆ. ಬರ ಯಾವ ತಾರೀಖು ಶುರುವಾಯಿತು ಅಂತ ಕೇಳಲು ಆಗುತ್ತದಾ? ಬ್ಯಾಡಗಿ ಮೆಣಸಿನಕಾಯಿಯನ್ನು ಮೊದಲು ಬಿತ್ತಿದವರು ಯಾರು ಅಂತ? ಆಗುವುದಿಲ್ಲ. ಅದಕ್ಕೆ ಅಂಥವು ಬಿಟ್ಟು ಹೋಗುತ್ತವೆ.

ಇನ್ನೊಂದು ಕಾರಣ ಹಳೆಯದು, ನಮ್ಮ ಶಾಸನಗಳನ್ನು ಓದಿದ ರೀತಿಯದು. ಕಿತ್ತೂರಿನಲ್ಲಿ 1824ರಲ್ಲಿ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಜೀವಸಹಿತ ಹೊರಗೆ ಬಂದ. ಆಮೇಲೆ ಇದೇ ಸೀಮೆಯಲ್ಲಿ ಊರೂರು ತಿರುಗಿ ಆರುನೂರರ ಹತ್ತಿರ ಶಾಸನಗಳನ್ನು ನಕಲು ಮಾಡಿಸಿದ. ದೊಡ್ಡ ಕೆಲಸ, ಅದರ ಋಣ ನಮ್ಮ ಮೇಲಿದೆ. ಆದರೆ ಆಗ ಅವನ ಮುಂದಿದ್ದ ಪ್ರಶ್ನೆ ಒಂದೇ: ಇಲ್ಲಿ ಯಾವ ವಂಶ ಯಾವಾಗ ಆಳಿತು. ಕಲ್ಲಿನಿಂದ ಅದನ್ನೇ ಹೆಕ್ಕಿದ. ಅವನ ನಂತರ ಬಂದ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಕೂಡ ಮುಖ್ಯವಾಗಿ ಅದನ್ನೇ ಮಾಡಿದ. ನಾವು ಇವತ್ತಿಗೂ ಅದೇ ಹೆಕ್ಕಿದ್ದನ್ನು ಮಕ್ಕಳಿಗೆ ಬಡಿಸುತ್ತಿದ್ದೇವೆ.

ಶಾಸನದ ಕಲ್ಲು ಹೇಗಿರುತ್ತದೆ ಅಂತ ಒಮ್ಮೆ ನಿಧಾನವಾಗಿ ನೋಡಿ. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗವೋ ಜಿನನೋ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಅದರ ಕೆಳಗೆ ಸಾಲು ಶುರು. ಮೊದಲ ಹತ್ತು ಹದಿನೈದು ಸಾಲು ರಾಜನ ಬಿರುದು, ಅವನು ಯಾರನ್ನು ಹೊಡೆದ, ಯಾರ ತಲೆಯ ಮೇಲೆ ಕಾಲಿಟ್ಟ. ಆ ಮಾತುಗಳು ಊರಿಂದ ಊರಿಗೆ ಹೆಚ್ಚುಕಡಿಮೆ ಅವೇ. ಅದು ದಾಟಿದರೆ ಕಲ್ಲು ನೆಟ್ಟದ್ದು ಯಾಕೆ ಅನ್ನುವುದು ಬರುತ್ತದೆ: ಇಂಥ ಗುಡಿಯ ನಂದಾದೀವಿಗೆಗೆ ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಕೆರೆಯ ಕೆಲಸಕ್ಕೆ ಇಷ್ಟು ಮತ್ತರು ಗದ್ದೆ, ಓದುವ ಹುಡುಗರ ಊಟಕ್ಕೆ ಇಷ್ಟು ಗದ್ಯಾಣ (ಹೊನ್ನಿನ ನಾಣ್ಯ), ಎಲೆ ಹೇರಿಗೆ ಇಷ್ಟು ಸುಂಕ ಬಿಟ್ಟದ್ದು, ಹೊಲದ ಮೂಡಣ ಎಲ್ಲೆಗೆ ಹುಣಸೆ ಮರ, ತೆಂಕಣಕ್ಕೆ ಹಳ್ಳ. ಕೊನೆಗೆ, ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪ. ಧಾರವಾಡ, ಗದಗ ಸೀಮೆಯ ಶಾಸನಗಳಲ್ಲಿ ಹೆಚ್ಚಿನವು ಇಂಥ ದಾನದ ಕಲ್ಲುಗಳೇ. ಪುಸ್ತಕ ಓದುವುದು ಮೇಲಿನ ಹದಿನೈದು ಸಾಲು. ಊರಿನವರಿಗೆ ಬೇಕಾಗಿದ್ದದ್ದು ಕೆಳಗಿನ ಮೂವತ್ತು ಸಾಲು.

ವೀರಗಲ್ಲುಗಳ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಯುದ್ಧದ್ದೇ ಕಲ್ಲು ಅಂತ ನಾವು ಅಂದುಕೊಳ್ಳುವ ಕಲ್ಲು ಅದು. ಬಹಳ ವರ್ಷದ ಹಿಂದೆ ರೋಣದ ಕಡೆ ಒಂದು ಹಳ್ಳಿಗೆ ಪಡಿಯಚ್ಚು ತೆಗೆಯಲು ಹೋಗಿದ್ದೆ. ಹನುಮಪ್ಪನ ಗುಡಿಯ ಹಿಂದೆ ಅರ್ಧ ಹೂತ ಕಲ್ಲು, ಅದಕ್ಕೆ ಒಂದು ಎಮ್ಮೆ ಕಟ್ಟಿದ್ದರು. ಎಮ್ಮೆ ಬಿಚ್ಚಿ, ಕಲ್ಲಿನ ಮೇಲಿನ ಎಣ್ಣೆ ಜಿಡ್ಡು ನೀರಲ್ಲಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮಸಿ ಒತ್ತಿದೆವು. ಮೂರು ಅಂತಸ್ತು. ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ವೀರ ಕೂತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಕೆಳಗೆ ಕಾಳಗ. ಮಸಿ ಏರುತ್ತಾ ಹೋದ ಹಾಗೆ ಕೆಳಗಿನ ಮೂಲೆಯಲ್ಲಿ ಒಂದೊಂದಾಗಿ ಕೊಂಬು ಎದ್ದು ಬಂದವು. ಐದು ದನ, ಒಂದರ ಹಿಂದೆ ಒಂದು. ತುರುಗೋಳಿನ ಕಲ್ಲು ಅದು, ಊರ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನದು. ನೋಡುತ್ತಾ ನಿಂತಿದ್ದ ಎಮ್ಮೆಯ ಯಜಮಾನತಿ ಕೇಳಿದಳು, "ಯಾವ ರಾಜಂದರೀ ಅದು?" ರಾಜನದಲ್ಲ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನದು ಅಂದೆ. "ಹಂಗಾರ ನಮ್ಮಂಥಾವಂದ ಬಿಡ್ರಿ" ಅಂದಳು. ಮಾರನೇ ವರ್ಷ ಹೋದಾಗ ಎಮ್ಮೆ ಬೇರೆ ಗೂಟದಲ್ಲಿತ್ತು, ಕಲ್ಲಿಗೆ ಕುಂಕುಮ ಇತ್ತು.

ನಮ್ಮ ಕಡೆಯ ವೀರಗಲ್ಲುಗಳಲ್ಲಿ ಎಷ್ಟೋ ಇಂಥವೇ. ದನಕ್ಕೆ, ಊರಿನ ಹೆಂಗಸರ ಮಾನಕ್ಕೆ, ಗಡಿಯ ಹೊಲಕ್ಕೆ ಸತ್ತವರು. ದೊಡ್ಡ ರಾಜನ ಪರ ಸತ್ತವನ ವಿಷಯಕ್ಕೂ ಹಳಗನ್ನಡದಲ್ಲಿ ಒಂದು ಮಾತಿದೆ: ಜೋಳವಾಳಿ. ಒಡೆಯನ ಜೋಳ ಉಂಡ ಋಣ ತೀರಿಸುವುದು ಅಂತ ಅರ್ಥ. ಸಿಪಾಯಿ ತನ್ನ ಸಾವಿಗೆ ಕೊಟ್ಟ 'ಕಾರಣ'ದಲ್ಲೇ ಜೋಳ ಇದೆ. ಆಗ ಜನ ಊಟ ಮಾಡುತ್ತಿರಲಿಲ್ಲವಾ ಅಂದಳಲ್ಲ ನಿಮ್ಮ ಮಗಳು, ಯುದ್ಧದ ನಡುಮಧ್ಯದಲ್ಲೇ ಅವಳಿಗೆ ಉತ್ತರ ಸಿಗುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಸಂಶೋಧಕರು ಈ ದಾರಿಯಲ್ಲಿ ಹೊರಟು ಬಹಳ ಕಾಲವಾಯಿತು. ಧಾರವಾಡದಲ್ಲಿ 1939ರಲ್ಲೇ ಕನ್ನಡ ಸಂಶೋಧನಾ ಸಂಸ್ಥೆ ಹುಟ್ಟಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಷ. ಶೆಟ್ಟರ್ ಅವರು ಇಂಥ ಸ್ಮಾರಕ ಶಿಲೆಗಳನ್ನು ಸಾವಿನ ಬಗ್ಗೆ, ನಂಬಿಕೆಯ ಬಗ್ಗೆ, ಸಾಮಾನ್ಯ ಜನರ ಬಗ್ಗೆ ಮಾತಾಡುವ ಹಾಗೆ ಓದಿ ತೋರಿಸಿದರು. ಕೆರೆ, ಸುಂಕ, ವ್ಯಾಪಾರ, ಬರಗಾಲದ ಮೇಲೆ ಕೆಲಸ ಮಾಡಿದವರು ಎಷ್ಟೋ ಜನ. ಅದಕ್ಕೇ ಇತಿಹಾಸದ ಅಧ್ಯಯನವೇ ಪೂರ್ತಿ ಯುದ್ಧದ ಹಿಂದೆ ಬಿದ್ದಿದೆ ಅಂದರೆ ತಪ್ಪಾಗುತ್ತದೆ. ಅವರ ಕೆಲಸ ಶಾಲೆಯ ಪುಸ್ತಕದ ತನಕ ಇಳಿದು ಬಂದಿಲ್ಲ ಅನ್ನುವುದು ಸರಿಯಾದ ಮಾತು. ಮೇಷ್ಟ್ರಾಗಿದ್ದ ನಮ್ಮ ತಪ್ಪೂ ಅದರಲ್ಲಿ ಇದೆ.

ನಿಮ್ಮ ಎರಡನೇ ಪ್ರಶ್ನೆ, ಯುದ್ಧ ಬಿಟ್ಟು ಕಲಿಸಲು ಆಗುತ್ತದಾ? ಆಗುವುದಿಲ್ಲ, ಬಿಡಲೂ ಬಾರದು. ನರಗುಂದವನ್ನೇ ನೋಡಿ. ಬಾಬಾಸಾಹೇಬ ಬ್ರಿಟಿಷರ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು, ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೆ ಹಾಕಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಆರು ವರ್ಷ ಇಲ್ಲಿ ಏನು ನಡೆದಿತ್ತು ಅಂದರೆ, 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಊರೂರಿನ ಇನಾಂ ಭೂಮಿಯ, ಅಂದರೆ ಹಿಂದಿನ ಆಳುವವರು ಬಿಟ್ಟುಕೊಟ್ಟ ಭೂಮಿಯ, ಕಾಗದ ಕೇಳುತ್ತಿತ್ತು. ತಲೆತಲಾಂತರದಿಂದ ಉಳುಮೆ ಮಾಡಿಸಿಕೊಂಡು ಬಂದ ಭೂಮಿಗೆ ಸನದು, ಅಂದರೆ ಹಕ್ಕುಪತ್ರ, ತೋರಿಸು ಅಂದರೆ ಎಲ್ಲಿಂದ ತರುವುದು? ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಒಪ್ಪಿಗೆ ಕೊಡಲಿಲ್ಲ. ಮೇಲೆ ಆಯುಧ ಒಪ್ಪಿಸಿ ಎಂಬ ಹುಕುಂ. ಈ ಕಾಗದಪತ್ರಗಳ ಕಥೆ ಹೇಳದೆ ನರಗುಂದ ಹೇಳಿದರೆ ಒಬ್ಬ ಸಿಟ್ಟಿನ ರಾಜನ ಕಥೆಯಾಗುತ್ತದೆ, ಹೇಳಿದರೆ ಇಡೀ ಸೀಮೆಯ ಎದೆ ಯಾಕೆ ಉರಿಯುತ್ತಿತ್ತು ಅನ್ನುವುದು ತಿಳಿಯುತ್ತದೆ. ಯುದ್ಧವನ್ನು ಹೀಗೆ ಕಲಿಸಿದರೆ ಅದಕ್ಕೆ ಎಷ್ಟು ಪುಟ ಕೊಟ್ಟರೂ ನನಗೆ ಬೇಜಾರಿಲ್ಲ. ಕಿತ್ತೂರಿನಲ್ಲಿ, ನರಗುಂದದಲ್ಲಿ ಪ್ರಾಣ ಕೊಟ್ಟವರು ನಮ್ಮವರು, ಅವರನ್ನು ಮರೆಯಿರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಮಗಳ ಜೊತೆ ಏನು ಮಾಡಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು ರಾತ್ರಿ ಊಟದ ತಾಟು ನೋಡಲು ಹೇಳಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಜೋಳದ ಮೂಲ ಆಫ್ರಿಕಾ, ನಮ್ಮಲ್ಲಿಗೆ ಬಂದು ಸಾವಿರಾರು ವರ್ಷ ಆಗಿದೆ. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದವು, ಪೋರ್ಚುಗೀಸರ ಹಡಗು ಬಂದ ಮೇಲೆ ಈ ಕಡೆ ಹರಡಿದವು. ಅದಕ್ಕೂ ಮೊದಲು ನಮಗೆ ಖಾರ ಅಂದರೆ ಕರಿಮೆಣಸು, ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತಲೇ ಮೆಣಸಿನಕಾಯಿ ಎಂಬ ಹೆಸರು ಬಂತು. ಬ್ಯಾಡಗಿ ನಿಮಗೆ ದೂರವಿಲ್ಲ, ಅಲ್ಲಿನ ಪೇಟೆಯಲ್ಲಿ ಕೆಂಪು ರಾಶಿ ನೋಡಿದಾಗ ಅವಳಿಗೆ ಇದು ನೆನಪಾದರೆ ಸಾಕು.

ಆಮೇಲೆ ಬಂಕಾಪುರ. ನಿಮ್ಮ ತಾಲೂಕಿನಲ್ಲೇ ಇದೆ. ಕೋಟೆ ನೋಡಲು ಹೋಗಿ, ಯಾರು ಕಟ್ಟಿದರು, ಯಾರು ಕೆಡವಿದರು ಎಲ್ಲ ಹೇಳಿ. ಈಗ ಒಳಗೆ ನವಿಲುಗಳಿವೆ, ಖಿಲಾರಿ ದನದ ತಳಿ ಕೇಂದ್ರ ಇದೆ. ಅಲ್ಲೇ ನಗರೇಶ್ವರ ಗುಡಿ ಇದೆ. ನಗರ ಅಂದರೆ ಶಾಸನಗಳಲ್ಲಿ ಊರಿನ ವ್ಯಾಪಾರಿಗಳ ಸಂಘ. ಕೋಟೆಯ ನಡುವೆ ವ್ಯಾಪಾರಿಗಳ ಹೆಸರು ಹೊತ್ತ ದೇವರು ಯಾಕಿದ್ದಾನೆ ಅಂತ ಅವಳೇ ಯೋಚನೆ ಮಾಡಲಿ, ನೀವು ಉತ್ತರ ಕೊಡಬೇಡಿ.

ಒಂದು ರಜೆಯಲ್ಲಿ ಲಕ್ಕುಂಡಿಗೂ ಹೋಗಿ ಬನ್ನಿ. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರು. ಲೊಕ್ಕಿ ಗದ್ಯಾಣ ಎಂಬ ಹೊನ್ನಿನ ನಾಣ್ಯ ಅಚ್ಚಾಗುತ್ತಿದ್ದ ಟಂಕಸಾಲೆಯ ಊರು ಅದು. ಅಲ್ಲಿನ ಬ್ರಹ್ಮ ಜಿನಾಲಯದ 1007ರ ಶಾಸನದಲ್ಲಿ ಅತ್ತಿಮಬ್ಬೆಯ ಮಾತಿದೆ. ಅವಳ ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಯಾವ ಯುದ್ಧ ಅಂತ ಕೇಳಿದರೆ ಹೇಳುವವರು ಎಷ್ಟು ಜನ ಸಿಕ್ಕಾರು? ಅವಳು ಮಾತ್ರ ಆ ದುಃಖದ ನಂತರದ ಬದುಕಿನಲ್ಲಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯೂ ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ತುಂಬಿ ಒರೆಸಿ ಆಗಬೇಕು. ಸಾವಿರ ಪ್ರತಿಗೆ ಎಷ್ಟು ಗರಿ, ಎಷ್ಟು ಲಿಪಿಕಾರರು, ಅವರಿಗೆ ಎಷ್ಟು ದಿನ ಊಟ ಅಂತ ಮಗಳ ಜೊತೆ ಅಲ್ಲೇ ಗುಡಿಯ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿ. ಇತಿಹಾಸದ ಪರೀಕ್ಷೆಯಲ್ಲಿ ಅದು ಬರುವುದಿಲ್ಲ, ಆದರೆ ಅವಳು ಅದನ್ನು ಮರೆಯುವುದೂ ಇಲ್ಲ.

ಪರೀಕ್ಷೆಗೆ ಬೇಕಾದ ಇಸವಿಗಳನ್ನು ಅವಳು ಓದಲಿ, ಅದರಲ್ಲಿ ರಾಜಿ ಬೇಡ. ಪ್ರತಿ ಯುದ್ಧದ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಮಾತು ಬರೆದುಕೊಳ್ಳಲು ಹೇಳಿ: ಯಾರು ಕಾಳು ಕೊಟ್ಟರು, ಯಾರು ಹೊತ್ತರು, ಆ ವರ್ಷ ಮಳೆ ಹೇಗಿತ್ತು. ಉತ್ತರ ಸಿಗದಿದ್ದರೆ ಜಾಗ ಖಾಲಿ ಇರಲಿ.

ಕೊನೆಗೆ ಒಂದು ವಿನಂತಿ. ನಿಮ್ಮೂರಲ್ಲಿ, ತವರಿನಲ್ಲಿ, ಗುಡಿಯ ಹಿಂದೆಯೋ ಕೆರೆ ಏರಿಯ ಮೇಲೆಯೋ ಇಂಥ ಕಲ್ಲು ಇದ್ದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಫೋಟೋ ತೆಗೆಯಿರಿ. ಬಿಸಿಲು ಓರೆಯಾಗಿ ಬಿದ್ದಾಗಲೇ ಅಕ್ಷರ ಕಾಣುವುದು. ತೊಳೆಯುವುದಾದರೆ ಬರೀ ನೀರು, ತೆಂಗಿನ ನಾರು ಸಾಕು. ತಂತಿ ಬ್ರಷ್ ಬೇಡ, ಆ್ಯಸಿಡ್ ಬೇಡ, ಪೇಂಟ್ ಅಂತೂ ಹಚ್ಚಲೇಬೇಡಿ. ಫೋಟೋ ಕಳಿಸಿಕೊಡಿ. ಕೆಳಗಿನ ಸಾಲುಗಳಿಂದ ಶುರು ಮಾಡಿ ಓದೋಣ.